ಋತುಮಾನದ ಅಡಿಗೆಯೂ ದಾಸೋಹಧರ್ಮವೂ

(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಅನ್ನವು ದೇಹಕ್ಕೆ ಆಧಾರವು. ದೇಹವು ಕಾಯಕಕ್ಕೆ ಆಧಾರವು. ಕಾಯಕವು ದಾಸೋಹಕ್ಕೆ ಆಧಾರವು. ಇವುಗಳಲ್ಲಿ ಒಂದು ಸಡಿಲಿದರೂ ಉಳಿದವು ನಿಲ್ಲಲಾರವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಪದಾರ್ಥವನ್ನು ಲಿಂಗಕ್ಕರ್ಪಿಸಿ ಪ್ರಸಾದವೆಂದು ಸ್ವೀಕರಿಸುವ ಮಾರ್ಗವನ್ನು ಬೋಧಿಸುವಾಗ, ಪದಾರ್ಥದ ಬೆಲೆಯನ್ನು ವಿಚಾರಿಸಲಿಲ್ಲ. ಅದು ಸತ್ಯಶುದ್ಧವಾದ ಕಾಯಕದಿಂದ ಬಂದುದೋ ಅಲ್ಲವೋ ಎಂಬುದನ್ನು ಮಾತ್ರ ವಿಚಾರಿಸಿದರು. ಆದುದರಿಂದ ಒಲೆಯ ಮುಂದಿನ ವಿಚಾರವು ಧರ್ಮವಿಚಾರಕ್ಕೆ ಹೊರತಾದುದಲ್ಲ.

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯು ಘಟ್ಟಕ್ಕೂ ಕಡಲಿಗೂ ನಡುವಣದು. 1763ರಲ್ಲಿ ರಾಜ್ಯವಳಿಯುವವರೆಗೆ ವೀರಶೈವರಾದ ಕೆಳದಿಯ ಅರಸರ ಆಳ್ವಿಕೆಯನ್ನು ಕಂಡ ಈ ತುಳುನಾಡಿನಲ್ಲಿ, ಶಿವಭಕ್ತರೂ ಜೈನರೂ ದೈವಾರಾಧಕರೂ ಒಂದೇ ಮಳೆಯನ್ನು ನಂಬಿ ಬಾಳಿದವರು. ಆ ಮಳೆಯೇ ಇಲ್ಲಿಯ ಅಡಿಗೆಯ ಗುರುವು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಹಿಂದೆ ಬೇಸಾಯದ ಕೆಲಸ ಕಡಿಮೆ, ಕೂಲಿ ಕಡಿಮೆ, ಪಣತದ ಅಕ್ಕಿಯೂ ಕಡಿಮೆ. 1923ರಲ್ಲಿ ನೇತ್ರಾವತಿಯು ಉಕ್ಕಿ ಬಂಟವಾಳದ ಪೇಟೆಯನ್ನೇ ಮುಳುಗಿಸಿದಂತಹ ಕಾಲಗಳಲ್ಲಿ ಪೇಟೆಯ ಆಸರೆಯೂ ಇಲ್ಲ. ಇಂತಹ ದಿನಗಳಿಗಾಗಿಯೇ ಹಿರಿಯರು ಬೇಸಗೆಯಲ್ಲಿ ಸಿದ್ಧತೆ ಮಾಡಿಕೊಳ್ಳುತ್ತಿದ್ದರು.

ಬಲಿತ ಹಲಸಿನ ಸೊಳೆಗಳನ್ನು ಉಪ್ಪಿನೊಡನೆ ಭರಣಿಯಲ್ಲಿ ತುಂಬಿ ಮೇಲೆ ಭಾರವನ್ನಿಟ್ಟರೆ, ಮಳೆಗಾಲವೆಲ್ಲ ಕೆಡದೆ ಉಳಿಯುವ ಉಪ್ಪುಸೊಳೆಯಾಯಿತು. ಅದನ್ನು ತೊಳೆದು ನೀರಿನಲ್ಲಿ ನೆನೆಯಿಸಿ, ಉಪ್ಪು ಬಿಟ್ಟ ಮೇಲೆ ಪಲ್ಯವನ್ನಾಗಲಿ ರೊಟ್ಟಿಯನ್ನಾಗಲಿ ಮಾಡತಕ್ಕುದು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಇಡುವರು. ಸೌತೆಕಾಯಿಗಳನ್ನು ಬಾಳೆನಾರಿನಿಂದಲೋ ತೆಂಗಿನ ಗರಿಯಿಂದಲೋ ಕಟ್ಟಿ ಮಾಡಿನಡಿಗೆ ತೂಗಹಾಕುವರು. ಒಣಗಿಸಿದ ಪುನರ್ಪುಳಿಯ ಸಿಪ್ಪೆಯು ಸಾರಿಗಾಗುವುದು. ಉಪ್ಪಿನಲ್ಲಿಟ್ಟ ಮಾವಿನಕಾಯಿಯು ಗಂಜಿಗೆ ಜೊತೆಯಾಗುವುದು.

ಮಳೆ ಬಿದ್ದ ಮೇಲೆ ಬೇಲಿಯೇ ಉಗ್ರಾಣವಾಗುವುದು. ತಗಟೆಯ ಎಳೆ ಸೊಪ್ಪು, ಒಂದೆಲಗ, ಕೆಸುವಿನೆಲೆ, ಎಳೆ ಬಿದಿರಿನ ಕಣಿಲೆ ಇವೆಲ್ಲ ಕಾಸಿಲ್ಲದೆ ದೊರೆಯುವ ಸಾಮಗ್ರಿಗಳು. ಕೆಸುವಿನೆಲೆಗೆ ನೆನೆದ ಅಕ್ಕಿ, ಕೊತ್ತಂಬರಿ, ಒಣಮೆಣಸು, ಹುಣಿಸೆಹುಳಿ, ಉಪ್ಪು ಇವುಗಳನ್ನು ಅರೆದು ಹಚ್ಚಿ, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆಯು. ಹುಳಿಯನ್ನು ಕಡಿಮೆ ಮಾಡಿದರೂ ಅರೆಬೇಯಿಸಿದರೂ ಗಂಟಲು ತುರಿಸುವುದು. ಕಣಿಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನದಿನವೂ ನೀರನ್ನು ಬದಲಾಯಿಸಿ, ಅನಂತರ ಚೆನ್ನಾಗಿ ಬೇಯಿಸತಕ್ಕುದು. ಅದರಲ್ಲಿರುವ ವಿಷಾಂಶವು ಹಾಗಲ್ಲದೆ ಹೋಗದು. ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆಮರದ ಕಷಾಯಕ್ಕೂ ಇದೇ ಮಾತು: ಮರವನ್ನು ನಿಶ್ಚಯವಾಗಿ ಗುರುತಿಸಲಾರದವನು ತೊಗಟೆಯನ್ನು ಮುಟ್ಟಲೇಬಾರದು, ಬೇರೆ ಮರದ ತೊಗಟೆಯಿಂದ ಪ್ರಾಣಕ್ಕೇ ಅಪಾಯವುಂಟು. ಈ ಅರಿವು ಪುಸ್ತಕಗಳಿಗಿಂತ ಹೆಚ್ಚಾಗಿ ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದುದು. ಒಂದು ತಲೆಮಾರು ಕೈಬಿಟ್ಟರೆ ಮುಂದಿನವರು ಬೇಲಿಯ ಮುಂದೆ ನಿಂತರೂ ಹಸಿದೇ ಇರಬೇಕಾದೀತು.

ಊರಿನ ಪದಾರ್ಥವೆಂದರೆ ಆದಿಯಿಂದಲೂ ಇಲ್ಲಿಯೇ ಹುಟ್ಟಿದುದೆಂದು ಹಟ ಹಿಡಿಯಬೇಕಾಗಿಲ್ಲ. ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿಗಳು ಅಮೆರಿಕಾ ಖಂಡದಿಂದ ಬಂದವುಗಳೇ. ಇಲ್ಲಿಯ ಮಣ್ಣಿಗೆ ಒಗ್ಗಿ, ಇಲ್ಲಿಯವರ ಕೈಯಿಂದ ಬೆಳೆದುದರಿಂದ ಅವು ಊರಿನವಾದುವು.

ಇನ್ನು ಯೋಚಿಸತಕ್ಕ ಮುಖ್ಯ ವಿಷಯವೊಂದಿದೆ. ಈ ಸೀಮೆಯ ಎಷ್ಟೋ ಗದ್ದೆಗಳು ಈಗ ಅಡಿಕೆಯ ತೋಟಗಳಾಗಿವೆ, ಗುಡ್ಡಗಳಲ್ಲಿ ರಬ್ಬರು ಬೆಳೆದಿದೆ. ಅಡಿಕೆಯು ಕಾಸನ್ನು ಕೊಡುವುದು ನಿಜ. ಆದರೆ ಮಳೆ ಹೆಚ್ಚಿ ಕೊಳೆರೋಗವು ತಗಲಿದ ವರ್ಷ, ಕಾಸೂ ಇಲ್ಲ, ಅಂಗಳದಲ್ಲಿ ಬಸಳೆಯೂ ಇಲ್ಲವೆಂಬ ಸ್ಥಿತಿ ಒದಗುವುದು. ಇಂತಹ ವರ್ಷದಲ್ಲಿಯೂ ಮದುವೆಗೆ, ಗೃಹಪ್ರವೇಶಕ್ಕೆ, ಜಂಗಮರ ಭಿನ್ನಹಕ್ಕೆ, ನೆರೆಯವರಿಗೆ ಕಡಿಮೆಯಾಗಬಾರದೆಂದು ಸಾಲ ಮಾಡಿ ಭಕ್ಷ್ಯಗಳನ್ನು ಮಾಡಿಸುವ ಗೃಹಸ್ಥರಿದ್ದಾರೆ. ಅರ್ಧ ಎಲೆಯು ಎಸೆಯಲ್ಪಡುವುದು. ಸಾಲವು ಮಾತ್ರ ಪೂರ್ತಿ ಉಳಿಯುವುದು. ಅದು ದಾಸೋಹವಲ್ಲ. ಉಣ್ಣುವವನಿಗೆ ತೃಪ್ತಿಯನ್ನೂ ಉಣಿಸುವವನಿಗೆ ನಿಶ್ಚಿಂತೆಯನ್ನೂ ಕೊಡುವುದೇ ದಾಸೋಹವು. ಕುಚ್ಚಲಕ್ಕಿಯ ಗಂಜಿ, ಒಂದೆಲಗದ ಚಟ್ನಿ, ಹರಿವೆಯ ಪಲ್ಯ ಇವುಗಳನ್ನು ಭಕ್ತಿಯಿಂದ ಅರ್ಪಿಸಿದರೆ ಲಿಂಗಕ್ಕೆ ಸಲ್ಲದೆ ಹೋದೀತೇ?

ಆದುದರಿಂದ ಮಹೋತ್ಸವದ ಈ ವರ್ಷದಲ್ಲಿ ಪ್ರತಿಯೊಬ್ಬ ಗೃಹಸ್ಥನೂ ಬಚ್ಚಲ ನೀರು ಹರಿಯುವ ಕಡೆಯಲ್ಲಿ ಒಂದು ಬಸಳೆಯ ಚಪ್ಪರವನ್ನು, ನಾಲ್ಕು ಬಾಳೆಯನ್ನು, ಒಂದು ಸಾಲು ಹರಿವೆಯನ್ನು ಬೆಳೆಯಿಸಲಿ. ಮಠದ ದಾಸೋಹಕ್ಕೆ ಹಣವನ್ನು ಕೊಡಲಾರದವರು ಕೈಯಾರ ಬೆಳೆದ ಒಂದು ಬುಟ್ಟಿ ತರಕಾರಿಯನ್ನು ತರಲಿ. ಅದು ಯಾವ ಕಾಣಿಕೆಗೂ ಕಿರಿದಲ್ಲ. ತಾಯಂದಿರು ತಮಗೆ ತಿಳಿದುದನ್ನು ಹೆಣ್ಣುಮಕ್ಕಳಿಗೆ ಮಾತ್ರವಲ್ಲದೆ ಗಂಡುಮಕ್ಕಳಿಗೂ ಕಲಿಸಲಿ. ಒಲೆಯ ಕಾಯಕಕ್ಕೆ ಮೇಲುಕೀಳಿಲ್ಲ. ಬಡವನ ಮನೆಯ ಬಾಗಿಲಿಗೆ ಅತಿಥಿಯು ಬಂದಾಗ ಆತನಿಗೆ ಅಂಜಿಕೆಯಾಗದಂತೆ ಇರುವುದೇ ಸರಳವಾದ ಅಡಿಗೆಯ ಫಲವು. ಆ ಬಾಗಿಲು ಎಂದೂ ಮುಚ್ಚದಿರಲಿ.