ಕಂಡಿಕಿ ಮ್ಯಾಲೆ ಯಾರ ಹೆಸರು?

ಜಮಖಂಡಿ, ಮುಧೋಳ, ಬೀಳಗಿ ಕಡೆಯಿಂದ ಕೇಳಾಕತ್ತವ್ರು ಇವತ್ತು ಸ್ವಲ್ಪ ನಮ್ಮ ರಬಕವಿ-ಬನಹಟ್ಟಿ ಓಣಿಯೊಳಗ ಬರ್ರಿ. ಮಗ್ಗದ ಸಪ್ಪಳ ದಾರಿಯಾಗ ಹೋಗೋರಿಗೂ ಕೇಳಸ್ತದ. ಸಪ್ಪಳಾನೇ ಮಾಡದ ಒಂದು ಸಾಮಾನು ಅದ: ಕಂಡಿಕಿ.

ಸೀರೆಯ ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ಹೊಕ್ಕಿನ ನೂಲನ್ನ ಸಣ್ಣ ಕಡ್ಡಿಗೆ ಸುತ್ತಿ ಲಾಳಿಯೊಳಗ ಇಡ್ತಾರ. ಅದೇ ಕಂಡಿಕಿ. ಸಡಿಲ ಸುತ್ತಿದ್ರ ನೂಲು ಜಾರಿ ಸಿಕ್ಕಾಗ್ತದ, ಬಿಗಿಯಾದ್ರ ಎಳೆ ಹರೀತದ. ಎರಡರಾಗೂ ಮಗ್ಗ ನಿಲ್ತದ. ಬಹಳ ಮನಿಯೊಳಗ ಈ ಕೆಲಸ ಹೆಣ್ಮಕ್ಕಳದು. ನಮ್ಮವ್ವ ಕುಕ್ಕರ್ ಸೀಟಿ ಎಣಿಸ್ಕೋತ ಕಂಡಿಕಿ ಸುತ್ತತಾಳ. ರಾಟಿಗೆ ಈಗ ಮೋಟರ್ ಬಂದದ, ಕೂಡೋದೇನೂ ಕಡಿಮಿ ಆಗಿಲ್ಲ.

ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಕಡೆ ಲೇಸ್ ಹೆಣೀತಿದ್ದ ಹೆಂಗಸ್ರೂ ಹಿಂಗ ಕಡ್ಡಿಗೆ ನೂಲು ಸುತ್ತತಿದ್ರು. ದಿಂಬಿನ ಮ್ಯಾಲೆ ಗುಂಡುಸೂಜಿ ಚುಚ್ಚಿ, ಬಾಬಿನ್‌ಗಳನ್ನ ಜೋಡಿ ಜೋಡಿಯಾಗಿ ದಾಟಿಸಿ, ತಿರುವಿ ಹೆಣೆಯೋದು. ಬಾಬಿನ್ ಕೆಲವು ಕಟ್ಟಿಗೀವು, ಕೆಲವು ಎಲುಬಿನವು. ತುದಿಗೆ ಗಾಜಿನ ಮಣಿ: ಚಂದಕ್ಕೂ ಹೌದು, ಭಾರಕ್ಕೂ ಹೌದು, ಎಳೆ ಬಿಗಿ ಇರಬೇಕಲ್ಲ! 19ನೇ ಶತಮಾನದ ಎಷ್ಟೋ ಬಾಬಿನ್ ಮ್ಯಾಲೆ ಹೆಸರು ಕೊರದಾರ. ಪ್ರೀತಿ ಮಾಡಿದವ್ರು ಕೊಟ್ಟ ಕಾಣಿಕಿನೂ ಅದರಾಗ ಅದಾವ. ಅವ್ರಿಗೂ ಕೂಲಿ ಅಷ್ಟಕ್ಕಷ್ಟೇ ಇತ್ತು, ಆ ಮಾತು ಬ್ಯಾರೆ.

ನಮ್ಮವ್ವನ ಕಂಡಿಕಿ ಮ್ಯಾಲೆ ಹೆಸರಿಲ್ಲ. ನೂಲು ತೀರಿದ್ರ ಬುಟ್ಟಿಗೆ ಬೀಳ್ತದ, ಮತ್ತ ಸುತ್ತೋದು.

2019-20ರ ನಾಲ್ಕನೇ ಕೈಮಗ್ಗ ಗಣತಿಯೊಳಗ ದೇಶದಾಗ 26.73 ಲಕ್ಷ ನೇಕಾರರು, 8.48 ಲಕ್ಷ ಪೂರಕ ಕೆಲಸಗಾರರು ಅಂತ ಅದ. ಕಂಡಿಕಿ ಸುತ್ತೋರು ಈ ಎರಡನೇ ಲೆಕ್ಕದಾಗ ಬರ್ತಾರ. ಅದೂ ಕೈಮಗ್ಗದವ್ರು ಮಾತ್ರ. ನಮ್ಮಂಥ ಪವರ್‌ಲೂಮ್ ಮನಿಯವ್ರು ಆ ಗಣತಿಯೊಳಗ ಇಲ್ಲ.

ಬ್ಯಾರೆಯವ್ರಿಗೆ ಯಾಕ ಅನ್ಲಿ? ಹೋದ ವರ್ಷ ಒಂದು ಅರ್ಜಿಯೊಳಗ ಅವ್ವನ ಉದ್ಯೋಗ ‘ಮನೆಗೆಲಸ’ ಅಂತ ನಾನೇ ಬರದೆ. ಅಕಿ ಏನೂ ಅನ್ಲಿಲ್ಲ. ಮೊನ್ನೆ ಮೈಕ್ ಹಿಡಿದು ಕೇಳಿದೆ, "ದಿನಕ್ಕ ಎಷ್ಟು ಕಂಡಿಕಿ ಸುತ್ತತೀ ಬೇ?"

"ಯಾರ ಎಣಸ್ಯಾರೋ ತಮ್ಮಾ? ನಿಮ್ಮಪ್ಪಗ ಕೇಳು, ಎಷ್ಟು ಸೀರಿ ನೇಯ್ದಾನಂತ."

ನಿಮ್ಮ ಮನ್ಯಾಗ ಕಂಡಿಕಿ ಸುತ್ತೋರಿದ್ರ ಒಂದು ವಾಯ್ಸ್ ಮೆಸೇಜ್ ಕಳಸ್ರಿ. ಅವರೇ ಮಾತಾಡ್ಲಿ.