ಬೆಟ್ಟ ಹತ್ತುವ ಮನೆಗಳು

ಸ್ಥಿರಾಸ್ತಿ ಬೇರೆ, ಚರಾಸ್ತಿ ಬೇರೆ ಎಂಬುದು ಎಲ್ಲರಿಗೂ ತಿಳಿದ ಮಾತು. ಮನೆ, ಹೊಲ ಮೊದಲನೆಯದಕ್ಕೆ ಸೇರಿದರೆ ಗಾಡಿ, ಪಾತ್ರೆಪಡಗ ಎರಡನೆಯದಕ್ಕೆ. ಆದರೆ ಮನೆಯೇ ಗಾಡಿಯಾದರೆ? ಅಂಥದೊಂದು ವಾಹನ ಅಮೆರಿಕದಲ್ಲಿ ಬಹಳ ಜನಪ್ರಿಯ. ಅದನ್ನು ಮೋಟಾರ್‌ಹೋಂ ಎನ್ನುತ್ತಾರೆ. ಅಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ಇಲ್ಲಿನ ತಂದೆತಾಯಿಯರಲ್ಲಿ ಕೆಲವರು ಅದರಲ್ಲಿ ಪ್ರಯಾಣ ಮಾಡಿಯೂ ಇರಬಹುದು. ನೋಡಲು ಬಸ್ಸಿನಂತೆ; ಒಳಗೆ ಹಾಸಿಗೆ, ಒಲೆ, ಸ್ನಾನದ ಕೋಣೆ, ಶೌಚಾಲಯ. ಒಳ್ಳೆಯ ನೀರಿಗೊಂದು ತೊಟ್ಟಿ, ಕೊಳಚೆಗೊಂದು ತೊಟ್ಟಿ. ಸಂಜೆ ಎಲ್ಲಿ ನಿಲ್ಲುತ್ತದೆಯೋ ಅದೇ ಊರು.

ಬಯಲಿನಲ್ಲಿ ಈ ಮನೆಗೆ ಹೆಚ್ಚು ತೊಂದರೆಯಿಲ್ಲ. ಅದರ ಪರೀಕ್ಷೆ ನಡೆಯುವುದು ಬೆಟ್ಟದಲ್ಲಿ. ಭಾರದ ವಾಹನ ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಶಿರಾಡಿ, ಚಾರ್ಮಾಡಿ ಘಾಟಿಗಳ ಲಾರಿ ಚಾಲಕರು ಹೇಳುವ ಬುದ್ಧಿಮಾತು ರಾಕಿ ಪರ್ವತಕ್ಕೂ ಸಲ್ಲುತ್ತದೆ. ಆದರೆ ರಾಕಿ ಪರ್ವತದ ಒಂದು ರಸ್ತೆಯಲ್ಲಿ ಈ ಬುದ್ಧಿಯೂ ಸಾಲದು. ಅಲ್ಲಿ ದೊಡ್ಡ ಮೋಟಾರ್‌ಹೋಂಗೆ ಪ್ರವೇಶವೇ ಇಲ್ಲ.

ಅದು ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ರಸ್ತೆ. ಅಲ್ಲಿನ ಒಂದು ಶಿಖರದ ಹೆಸರಿನಿಂದ ಅದಕ್ಕೆ 'ಗೋಯಿಂಗ್ ಟು ದಿ ಸನ್', ಎಂದರೆ 'ಸೂರ್ಯನೆಡೆಗೆ ಸಾಗುವ' ರಸ್ತೆ ಎಂಬ ಹೆಸರು ಬಂದಿದೆ. ಉದ್ಯಾನ ಸ್ಥಾಪನೆಯಾದದ್ದು 1910ರಲ್ಲಿ. ಆಗ ಅಲ್ಲಿ ಪರ್ವತ ದಾಟುವ ಮೋಟಾರು ರಸ್ತೆಯೇ ಇರಲಿಲ್ಲ. ದಕ್ಷಿಣದ ಮರಾಯಸ್ ಕಣಿವೆಯ ಮೂಲಕ 1891ರಲ್ಲೇ ರೈಲು ಬಂದಿತ್ತು. ಕಾರಿನಲ್ಲಿ ಬಂದವರು ಕಾರನ್ನೇ ರೈಲಿಗೆ ಏರಿಸಿ ಆಚೆ ಬದಿಯಲ್ಲಿ ಇಳಿಸಿಕೊಳ್ಳಬೇಕಾಗಿತ್ತು.

ರಸ್ತೆಯ ಕೆಲಸ 1921ರಲ್ಲಿ ಆರಂಭವಾಯಿತು. ಮೊದಲ ನಕ್ಷೆಯಲ್ಲಿ ಕಣಿವೆಯ ಉದ್ದಕ್ಕೂ ಹಾವು ಹರಿದಂತೆ 15 ಹೇರ್‌ಪಿನ್ ತಿರುವುಗಳಿದ್ದವು. ಭೂದೃಶ್ಯ ವಿನ್ಯಾಸಕಾರ ಥಾಮಸ್ ವಿಂಟ್ ಅದನ್ನು ಒಪ್ಪಲಿಲ್ಲ. ಬೆಟ್ಟದ ಮೈಯನ್ನು ಅಷ್ಟು ಗೀರುವುದು ಬೇಡ, ಬಂಡೆಯ ಗೋಡೆಗೆ ಅಂಟಿಕೊಂಡಂತೆ ದಾರಿ ಕೊರೆಯೋಣ ಎಂಬುದು ಅವರ ನಿಲುವು. ಕೊನೆಗೆ ಉಳಿದದ್ದು ಅಂಥ ಒಂದೇ ತಿರುವು. ಕಡಿದಾದ ಬಂಡೆಯ ಮೇಲಿನ ಈ ಕೆಲಸದಲ್ಲಿ ಮೂವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. 1932ರಲ್ಲಿ ದಾರಿ ಸಿದ್ಧವಾಯಿತು. 1933ರ ಜುಲೈ 15ರಂದು ಉದ್ಘಾಟನೆ ನಡೆಯಿತು. ಸುಮಾರು 80 ಕಿಲೋಮೀಟರ್ ಉದ್ದದ ಈ ರಸ್ತೆ ಲೋಗನ್ ಪಾಸ್ ಎಂಬಲ್ಲಿ 6,646 ಅಡಿ ಎತ್ತರ ಮುಟ್ಟುತ್ತದೆ.

ಬೆಟ್ಟದ ಅಂದ ಕೆಡಬಾರದೆಂದು ರಸ್ತೆಯನ್ನು ಕಿರಿದಾಗಿಯೇ ಇಟ್ಟದ್ದರ ಫಲ ಇಂದಿಗೂ ಕಾಣುತ್ತದೆ. ರಸ್ತೆಯ ಎತ್ತರದ ಭಾಗದಲ್ಲಿ 21 ಅಡಿಗಿಂತ ಉದ್ದ ಅಥವಾ 8 ಅಡಿಗಿಂತ ಅಗಲ ಇರುವ ವಾಹನ ಹೋಗುವಂತಿಲ್ಲ. ಅಗಲ ಅಳೆಯುವಾಗ ಪಕ್ಕದ ಕನ್ನಡಿಗಳೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಮನೆ ತಂದವರು ಅದನ್ನು ಕೆಳಗೆ ಬಿಟ್ಟು ಬೇರೆ ವಾಹನ ಹಿಡಿಯಬೇಕು. ಇಲ್ಲವೆ ಮರಾಯಸ್ ಕಣಿವೆಯ ಹೆದ್ದಾರಿಯಲ್ಲಿ ಸುತ್ತಿ ಬರಬೇಕು.

ಆದರೆ ಈ ಬೆಟ್ಟಗಳ ಬುಡಕ್ಕೆ ಬಂದ ಮೊದಲ ಚಲಿಸುವ ಮನೆ ಮೋಟಾರಿನದಲ್ಲ. ಪೂರ್ವದ ಹುಲ್ಲುಗಾವಲಿನ ಬ್ಲ್ಯಾಕ್‌ಫೀಟ್ ಜನ ಕಾಡೆಮ್ಮೆಗಳ ಹಿಂಡನ್ನು ಅನುಸರಿಸಿ ಮನೆ ಸಮೇತ ಸಂಚರಿಸುತ್ತಿದ್ದರು. ಗಳುಗಳನ್ನು ನಿಲ್ಲಿಸಿ ಕಾಡೆಮ್ಮೆ ಚರ್ಮ ಹೊದಿಸಿದ ಗುಡಾರವೇ ಅವರ ಮನೆ. ಅದರ ಒಡೆತನ ಹೆಂಗಸರದು. ಎತ್ತಿ ನಿಲ್ಲಿಸುವವರೂ ಅವರೇ. ಊರು ಬದಲಿಸುವಾಗ ಎರಡು ಗಳುಗಳನ್ನು ನಾಯಿಯ ಹೆಗಲಿಗೆ ಕಟ್ಟಿ, ಅವುಗಳ ಹಿಂತುದಿ ನೆಲದ ಮೇಲೆ ಎಳೆದುಕೊಂಡು ಬರುವಂತೆ ಮಾಡಿ, ನಡುವೆ ಸಾಮಾನು ಹೇರುತ್ತಿದ್ದರು. 18ನೇ ಶತಮಾನದಲ್ಲಿ ಕುದುರೆ ಬಂದ ಮೇಲೆ ಹೊರುವ ಶಕ್ತಿ ಹೆಚ್ಚಿತು, ಗುಡಾರವೂ ದೊಡ್ಡದಾಯಿತು. ಪಶ್ಚಿಮದ ಆ ಪರ್ವತಸಾಲು ಅವರ ಪಾಲಿಗೆ ಜಗತ್ತಿನ ಬೆನ್ನೆಲುಬು.

ಈ ಸಂಚಾರವನ್ನು ನಿಲ್ಲಿಸಿದ್ದು ಬೆಟ್ಟವಲ್ಲ. ವಿಪರೀತ ಬೇಟೆಯಿಂದ ಕಾಡೆಮ್ಮೆ ಮಾಯವಾಯಿತು. 1883-84ರ ಚಳಿಗಾಲದಲ್ಲಿ ಸರ್ಕಾರದ ಪಡಿತರವೂ ಸಾಲದೆ ನೂರಾರು ಮಂದಿ ಹಸಿವಿನಿಂದ ಸತ್ತರು. ಬಡತನದಲ್ಲಿ ಬೆಂದವರು 1895ರ ಒಪ್ಪಂದದಲ್ಲಿ ಪರ್ವತದ ಪಟ್ಟಿಯನ್ನು 15 ಲಕ್ಷ ಡಾಲರಿಗೆ ಬಿಟ್ಟುಕೊಟ್ಟರು. ಅದು ಸಾರ್ವಜನಿಕ ಭೂಮಿಯಾಗಿ ಇರುವವರೆಗೆ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಮರ ಕಡಿಯುವ ಹಕ್ಕು ತಮಗೆ ಇರಬೇಕೆಂದು ಬರೆಸಿಕೊಂಡಿದ್ದರು. 1910ರಲ್ಲಿ ಆ ನೆಲ ಉದ್ಯಾನವಾದಾಗ ಸರ್ಕಾರ ಆ ಹಕ್ಕು ಮುಗಿಯಿತೆಂದಿತು. ಬ್ಲ್ಯಾಕ್‌ಫೀಟ್ ಜನ ಅದನ್ನು ಒಪ್ಪಿಲ್ಲ.

ಮೋಟಾರ್‌ಹೋಂ ಚರಿತ್ರೆಯಲ್ಲಿ ಇಂಥದೇ ಇನ್ನೊಂದು ಎಳೆ ಇದೆ. ಈ ವಾಹನವನ್ನು ಮನೆಮಾತಾಗಿಸಿದ ಹೆಸರು 'ವಿನ್ನೆಬಾಗೊ'. ಅಯೋವಾ ರಾಜ್ಯದ ವಿನ್ನೆಬಾಗೊ ಜಿಲ್ಲೆಯ ಕಂಪನಿಯೊಂದು 1966ರಿಂದ ಇವುಗಳನ್ನು ತಯಾರಿಸತೊಡಗಿತು. ಜಿಲ್ಲೆಗೆ ಆ ಹೆಸರು ಬಂದದ್ದು ಒಂದು ಬುಡಕಟ್ಟಿನಿಂದ. ವಿನ್ನೆಬಾಗೊ ಎಂಬುದು ಇತರರು ಇಟ್ಟ ಹೆಸರು. ಆ ಜನ ತಮ್ಮನ್ನು ಕರೆದುಕೊಳ್ಳುವುದು ಹೋ-ಚಂಕ್ ಎಂದು. ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಅವರನ್ನು 19ನೇ ಶತಮಾನದಲ್ಲಿ ಸರ್ಕಾರ ಅಯೋವಾಕ್ಕೆ, ಮಿನ್ನೆಸೋಟಾಕ್ಕೆ, ಡಕೋಟಾಕ್ಕೆ ಎಬ್ಬಿಸಿ ಕಳಿಸಿತು; 1865ರಲ್ಲಿ ನೆಬ್ರಾಸ್ಕಾದಲ್ಲಿ ಅವರಿಗೆ ನೆಲೆ ಗೊತ್ತುಮಾಡಿತು. ಒಂದೆಡೆ ನಿಲ್ಲಲು ಬಿಡದೆ ಓಡಿಸಿದ ಜನರ ಹೆಸರು ಕೊನೆಗೆ ಸುಖವಾಗಿ ಓಡಾಡುವ ಮನೆಯ ಹೆಸರಾಯಿತು.

ಮನೆ ಹೊತ್ತು ಹೊರಡುವುದು ಸ್ವಂತ ಇಚ್ಛೆಯಿಂದಾದರೆ ಪ್ರವಾಸ. ಬೇರೆಯವರ ಅಪ್ಪಣೆಯಿಂದಾದರೆ ಅದು ಗಡೀಪಾರು. ಬೆಟ್ಟದ ಸೊಬಗು ನೋಡಲು ಹೊರಟವರು ಈ ವ್ಯತ್ಯಾಸವನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಗ್ಲೇಸಿಯರ್ ಉದ್ಯಾನದಲ್ಲಿ ಅದಕ್ಕೆ ಒಂದು ಅವಕಾಶವೂ ಇದೆ. ಉದ್ಯಾನದ ಪೂರ್ವ ಅಂಚಿಗೆ ತಾಗಿಕೊಂಡೇ ಬ್ಲ್ಯಾಕ್‌ಫೀಟ್ ಜನರ ಮೀಸಲು ಪ್ರದೇಶ. ಬೇಸಿಗೆಯಲ್ಲಿ ಅಲ್ಲಿಂದ ಬ್ಲ್ಯಾಕ್‌ಫೀಟ್ ಮಾರ್ಗದರ್ಶಕರೇ ಪ್ರವಾಸಿ ಬಸ್ಸುಗಳನ್ನು ಲೋಗನ್ ಪಾಸ್‌ಗೆ ಕರೆದೊಯ್ಯುತ್ತಾರೆ. ದೊಡ್ಡ ಮನೆಯನ್ನು ಬುಡದಲ್ಲಿ ನಿಲ್ಲಿಸಿ ಆ ಬಸ್ಸು ಹತ್ತಿದವರಿಗೆ ಬೆಟ್ಟದ ಕಥೆ ಹೇಳುವವರು ಆ ಬೆಟ್ಟವನ್ನು ಬೆನ್ನೆಲುಬು ಎಂದು ಕರೆದವರ ಮಕ್ಕಳು, ಮೊಮ್ಮಕ್ಕಳು.