ಮನೋರೋಗಿಗಳ ಮನೆಯ ಮಕ್ಕಳು



ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳು ಬಯಲುಸೀಮೆಯವುಗಳಂತೆ ಗೋಡೆಗೆ ಗೋಡೆ ತಾಗಿ ನಿಂತವುಗಳಲ್ಲ. ಅಡಕೆತೋಟದ ಅಂಚಿನಲ್ಲಿ ಒಂದು, ಗುಡ್ಡದಾಚೆಗೆ ಇನ್ನೊಂದು. ಹಳ್ಳವು ತುಂಬಿದರೆ ನೆರೆಮನೆಯೂ ದೂರವೇ. ಇಂತಹ ಒಂಟಿಮನೆಯಲ್ಲಿ ತಾಯಿಗಾಗಲಿ ತಂದೆಗಾಗಲಿ ಚಿತ್ತಸ್ವಾಸ್ಥ್ಯವು ಕೆಟ್ಟಿತೆಂದರೆ, ಅದನ್ನು ಮೊದಲು ಕಾಣುವವರೂ ಕಡೆಯವರೆಗೆ ಹೊರುವವರೂ ಮಕ್ಕಳೇ. ಹಿರಿಯ ಮಗಳು ಶಾಲೆಯನ್ನು ಬಿಟ್ಟು ಒಲೆಯ ಮುಂದೆ ಕೂರುವಳು. ಕಿರಿಯವನು ನಿದ್ರೆಗೆಟ್ಟು ತಂದೆಯ ಹೆಜ್ಜೆಯ ಸಪ್ಪಳವನ್ನು ಆಲಿಸುವನು. ಬಂಧುಗಳೋ, ಚೌಡಿಯ ಕಾಟವೆಂದು ಹರಕೆ ಹೊರುವರು, ಇಲ್ಲವೆ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮರೆಮಾಚುವರು.

ಯಾರೂ ಏನನ್ನೂ ಹೇಳದಿದ್ದಲ್ಲಿ, ತನ್ನ ಹಠದಿಂದಲೇ ಅಮ್ಮನಿಗೆ ಹೀಗಾಯಿತೆಂದು ಮಗುವು ತಾನೇ ಕಾರಣವನ್ನು ಕಟ್ಟಿಕೊಳ್ಳುತ್ತದೆ. ಆದುದರಿಂದ ಇದು ಕಾಯಿಲೆ, ನಿನ್ನಿಂದ ಬಂದುದಲ್ಲ, ಇದಕ್ಕೆ ಮದ್ದುಂಟು ಎಂದು ಅದಕ್ಕೆ ತಿಳಿಯುವಂತೆ ಹೇಳತಕ್ಕದ್ದು. ಬೆಳೆದ ಮಕ್ಕಳಿಗೆ ತಮಗೂ ಬಂದೀತೆಂಬ ಅಂಜಿಕೆಯಿರುವುದು. ಸ್ಕಿಜೋಫ್ರೇನಿಯವೆಂಬ ಘೋರರೋಗವೇ ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೂ, ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿಗೆ ಅದು ಬರುವುದಿಲ್ಲ.

ಮಗುವಿಗೆ ಮಾಡುವ ಮೊದಲ ಉಪಕಾರವು ಹೆತ್ತವರ ಚಿಕಿತ್ಸೆಯೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇಂತಹ ರೋಗಿಗಳನ್ನು ಊರೂರಿನಲ್ಲಿ ಹುಡುಕಿಸಿ, ಊರಿನ ಸಮೀಪದಲ್ಲಿಯೇ ಔಷಧ ದೊರೆಯುವಂತೆ ಏರ್ಪಡಿಸಿದರು. ಮದ್ದನ್ನೇ ಕಾಣದಿದ್ದವರು ಚಿಕಿತ್ಸೆ ಪಡೆದಾಗ, ದುಡಿಯಲಾರದ ಅವರ ಅಶಕ್ತತೆಯು ಇಳಿಯಿತು. ಅಪ್ಪನು ಮತ್ತೆ ತೋಟಕ್ಕೆ ಇಳಿದರೆ ಮಗನು ಶಾಲೆಗೆ ಹೋಗುವನು. ಇದರಲ್ಲಿ ಗೂಢವೇನೂ ಇಲ್ಲ.

ಇಂತಹ ಮಗುವನ್ನು ಕಂಡೊಡನೆ ಪ್ರಸಾದನಿಲಯಕ್ಕೆ ಸೇರಿಸಿಬಿಡೋಣವೆಂಬುದು ಭಕ್ತರಿಗೆ ಸಹಜವಾಗಿ ತೋರುವ ದಯೆ. ಹೊಡೆತಬಡಿತಗಳಿದ್ದಲ್ಲಿ, ಅನ್ನಕ್ಕೇ ಇಲ್ಲದಲ್ಲಿ ಅದು ಸರಿಯೇ. ಉಳಿದ ಕಡೆ ಅವಸರವು ಸಲ್ಲದು. ತಟ್ಟೆಯ ಮುಂದೆ ಕುಳಿತ ಹುಡುಗಿಯ ಮನಸ್ಸು, ಅಮ್ಮನು ಉಂಡಳೋ ಇಲ್ಲವೋ ಎಂದು ಮನೆಯಲ್ಲಿಯೇ ಇರುವುದು. 2017ರ ಮಾನಸಿಕ ಆರೋಗ್ಯ ಕಾಯಿದೆಯೂ, ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಕೂಸನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದು ವಿಧಿಸಿದೆ. ದಾಸೋಹವು ಮಠದ ಪಂಕ್ತಿಯಿಂದೆದ್ದು ಆ ಮನೆಯ ಅಂಗಳಕ್ಕೂ ಹೋಗಬಾರದೇಕೆ? ವಾರಕ್ಕೆರಡು ದಿನ ಯಾರಾದರೂ ಹೋಗಿ ಅಡಿಗೆಗೆ ಕೈಗೂಡಿಸಿ, ಅಮ್ಮನನ್ನು ವೈದ್ಯರಲ್ಲಿಗೆ ಕರೆದೊಯ್ದರೆ ಹುಡುಗಿಯ ಶಾಲೆಯು ತಪ್ಪದು. ನಡುರಾತ್ರಿಯಲ್ಲಿಯೂ ಬಾಗಿಲು ತಟ್ಟಬಹುದಾದ ಮನೆಯೊಂದನ್ನು, ಚಿಕ್ಕಮ್ಮನದೋ ಮೇಷ್ಟರದೋ, ಮಗುವಿಗೆ ಮೊದಲೇ ತೋರಿಸಿಡಬೇಕು. ದೂರವಾಣಿಯುಳ್ಳವರಿಗೆ ಮನೋವ್ಯಥೆಯ ಸಲಹೆಗೆ 14416, ಮಕ್ಕಳ ರಕ್ಷಣೆಗೆ 1098 ಎಂಬ ಸಂಖ್ಯೆಗಳುಂಟು.

ಮಲೆನಾಡಿಗೆ ಸೇರಿದ ಇನ್ನೊಂದು ಮಾತು. ಜಡಿಮಳೆಯಲ್ಲಿ ದಾರಿ ಕಟ್ಟಿದಾಗ ಗುಳಿಗೆಯು ಮುಗಿದು, ಅಡಗಿದ್ದ ರೋಗವು ಮತ್ತೆ ಕೆರಳುವ ಭಯವುಂಟು. ಆಗ ಕಾಲುಸಂಕ ದಾಟಿ ಮದ್ದು ತರಲು ಹೊರಡುವುದು ಮನೆಯ ಮಗುವೇ. ವೈದ್ಯರನ್ನು ಕೇಳಿ, ಮೃಗಶಿರಾ ಮಳೆ ಹಿಡಿಯುವ ಮೊದಲೇ ಬೇಕಾದಷ್ಟು ಔಷಧವನ್ನು ಆ ಮನೆಗೆ ಮುಟ್ಟಿಸತಕ್ಕದ್ದು.